ವೇಷಕ್ಕೊಂದು ಕಾಯಿ

ಮಂಗೇಶ ಹರಿಕಂತ್ರನ ಹತ್ತಿರ ಮೀನು ಕೊಂಡು ಬೆನ್ನು ತಿರುಗಿಸಿದಿರೋ, ಕೆಟ್ಟಿರಿ. ಹಿಂದೆ ನಿಂತವರು ಕಿಸಕ್ಕನೆ ನಗುತ್ತಾರೆ. ತಿರುಗಿ ನೋಡಿದರೆ ಆಸಾಮಿ ಏನೂ ಅರಿಯದವನ ಹಾಗೆ ಬಂಗಡೆಯ ಮೇಲೆ ಐಸು ಸರಿಪಡಿಸುತ್ತಿರುತ್ತಾನೆ. ಅಷ್ಟರೊಳಗೆ ನಿಮ್ಮ ನಡಿಗೆ, ನೀವು ಚೀಲ ಹಿಡಿಯುವ ರೀತಿ, ಮಾತಿನ ನಡುವೆ ಮೂಗು ಉಜ್ಜಿಕೊಳ್ಳುವ ಚಟ, ಎಲ್ಲವೂ ಅವನ ಮೈಯೊಳಗೆ ಹೋಗಿ ಕೂತಾಗಿರುತ್ತದೆ. ಇದು ಯಾರೂ ಕಲಿಸಿದ ವಿದ್ಯೆಯಲ್ಲ. ಶಾಲೆಯಲ್ಲಿದ್ದಾಗ ಮಾಸ್ತರರ ಹಾಗೆ ಕೆಮ್ಮಿ ಅವರಿಂದಲೇ ಪೆಟ್ಟು ತಿಂದವನು. ಮದುವೆಯ ಮಾರನೇ ದಿನ ಮಾವ ಎಲೆಯಡಿಕೆ ಜಗಿಯುವುದನ್ನು ಮಾಡಿ ತೋರಿಸಿ ಹೆಂಡತಿ ಗಂಗೂಳಿಂದ ಮೊದಲ ಬೈಗುಳ ತಿಂದವನು.

ದಂಧೆ ಮೀನಿನದು. ಮೊದಲು ಅಪ್ಪನ ಜೊತೆ ದೋಣಿಗೆ ಹೋಗುತ್ತಿದ್ದ, ಬೆನ್ನು ಹಿಡಿದುಕೊಂಡ ಮೇಲೆ ಬಿಟ್ಟ. ಈಗ ಬೆಳಿಗ್ಗೆ ಅಂಕೋಲೆಯ ಧಕ್ಕೆಯಲ್ಲಿ, ದೋಣಿಗಳು ಬಂದು ನಿಲ್ಲುವಲ್ಲಿ, ಮೀನು ಎತ್ತಿ, ಬೈಕಿನ ಹಿಂದೆ ಕ್ರೇಟು ಕಟ್ಟಿಕೊಂಡು, ಯಲ್ಲಾಪುರ ರಸ್ತೆ ಹಿಡಿದು ರಾಮನಗುಳಿಯವರೆಗೆ ಹಾರ್ನು ಹೊಡೆಯುತ್ತ ಹೋಗುತ್ತಾನೆ. ದಾರಿಯುದ್ದಕ್ಕೂ ಗಿರಾಕಿಗಳು. ಮೀನು ತೂಗುವುದು ಅವನ ಕೈ, ಜನರನ್ನು ನೋಡುವುದು ಅವನ ಕಣ್ಣು. ಎರಡೂ ಒಟ್ಟಿಗೇ ನಡೆಯುತ್ತವೆ.

ಈ ಕಣ್ಣಿಗೆ ಬೆಲೆ ಬರುವುದು ವರ್ಷಕ್ಕೊಮ್ಮೆ. ಅಂಕೋಲೆಯ ಕಡೆ ಹೋಳಿ ಹುಣ್ಣಿಮೆಯ ಹೊತ್ತಿಗೆ, ಸುಗ್ಗಿ ಮುಗಿಯುವಾಗ, ಹಗರಣ ನಡೆಯುತ್ತದೆ. ಪೇಪರಿನಲ್ಲಿ ಬರುವ ಹಗರಣವಲ್ಲ, ನಮ್ಮದು ವೇಷದ ಹಗರಣ. ಆ ಒಂದು ಮಧ್ಯಾಹ್ನ ಯಾರು ಬೇಕಾದರೂ ಇನ್ನೊಬ್ಬರಾಗಬಹುದು. ಗುಮಟೆ ಬಾರಿಸುವವರ ಹಿಂದೆ ಡಾಕ್ಟರು, ಪೊಲೀಸು, ಗಿಳಿಶಾಸ್ತ್ರದವ, ಹುಲಿ, ಕರಡಿ ಎಲ್ಲ ಸಾಲಾಗಿ ಹೊರಡುತ್ತವೆ. ಮಂಗೇಶನ ಕೇರಿಯಲ್ಲಿ ಇದಕ್ಕೊಂದು ಕಟ್ಟಳೆಯೂ ಇದೆ. ಯಾರದಾದರೂ ವೇಷ ಕಟ್ಟಿದರೆ ಅವರು ಸಿಟ್ಟಾಗುವಂತಿಲ್ಲ. ಎದುರಿಗೆ ಬಂದು, ನಕ್ಕು, ವೇಷದವನ ಕೈಗೆ ಒಂದು ತೆಂಗಿನಕಾಯಿ ಕೊಡಬೇಕು. ಕೊಟ್ಟರೆ ಅಲ್ಲಿಗೆ ಮುಗಿಯಿತು. ಯಾರ ಹೊಟ್ಟೆಯಲ್ಲೂ ಏನೂ ಉಳಿಯಬಾರದು.

ಹೀಗೆ ಕೇರಿಯ ಎಷ್ಟೋ ಜನ ಮಂಗೇಶನಿಗೆ ಕಾಯಿ ಕೊಟ್ಟಿದ್ದಾರೆ. ಒಂದು ವರ್ಷವಂತೂ ಅವನು ಎಲ್ಲರನ್ನೂ ಅಳಿಸಿಬಿಟ್ಟ. ಆ ಮಳೆಗಾಲದಲ್ಲಿ ಕೇರಿಯ ಹಿರಿಯ ತಾಂಡೇಲ, ಎಂದರೆ ದೋಣಿಯ ಮುಖಂಡ, ಸಮುದ್ರದ ಪಾಲಾಗಿದ್ದ. ಮಂಗೇಶ ಅವನ ಹಳೆಯ ಟೊಪ್ಪಿಗೆ ಹಾಕಿ, ಅವನ ಹಾಗೇ ಕೈ ಅಡ್ಡ ಹಿಡಿದು ಗಾಳಿ ನೋಡಿದ. ಅಷ್ಟೇ ಮಾಡಿದ್ದು. ಗುಮಟೆ ನಿಂತುಹೋಯಿತು. ತಾಂಡೇಲನ ಹೆಂಡತಿಯೇ ಒಳಗಿನಿಂದ ಕಾಯಿ ತಂದು ಕೊಟ್ಟು, ವೇಷದ ಕೆನ್ನೆ ಸವರಿ ಹೋದಳು. ಅಂದಿನಿಂದ ಮಂಗೇಶನಿಗೆ ತಲೆಯಲ್ಲಿ ಒಂದು ನಂಬಿಕೆ ಕೂತುಬಿಟ್ಟಿತು: ಸರಿಯಾಗಿ ಕಟ್ಟಿದ ವೇಷ ಕಲ್ಲನ್ನೂ ಕರಗಿಸುತ್ತದೆ, ಕರಗಲಿಲ್ಲವೆಂದರೆ ಕಟ್ಟಿದ್ದರಲ್ಲೇ ಏನೋ ತಪ್ಪಿದೆ.

ಹಗರಣದಲ್ಲಿ ಒಂದು ಹಳೆಯ ವೇಷವಿತ್ತು, ಸಿದ್ದಿಯದು. ಸಿದ್ದಿಗಳು ಘಟ್ಟದ ಬುಡದ ಕಾಡಂಚಿನ ಜನ. ಅವರ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ್ದರಂತೆ. ತಂದವರ ಹೆಸರು ಯಾರಿಗೂ ನೆನಪಿಲ್ಲ, ಬಂದವರ ಬಣ್ಣ ಮಾತ್ರ ಎಲ್ಲರಿಗೂ ನೆನಪಿದೆ. ಮೈಗೆ ಇದ್ದಿಲ ಮಸಿ ಬಳಿದು, ತಲೆಗೆ ನಾರಿನ ಕೂದಲು ಅಂಟಿಸಿಕೊಂಡು, ಏನೇನೋ ಕೂಗುತ್ತ ಹಾರಿದರೆ ಸಿದ್ದಿ ವೇಷ ಆಯಿತು. ಸಾಲಿನಲ್ಲಿ ಅದರ ಜಾಗ ಕರಡಿಯ ಹಿಂದೆ, ಬೇಟೆಗಾರನ ಮುಂದೆ. ಆ ಜಾಗ ಯಾರು ಕೊಟ್ಟರು, ಏಕೆ ಕೊಟ್ಟರು ಎಂದು ಕೇಳಿದವರಿಲ್ಲ.

ಮಂಗೇಶನಿಗೂ ಆ ವೇಷದ ಮೇಲೆ ತಕರಾರಿತ್ತು. ಆದರೆ ಅವನ ತಕರಾರೇ ಬೇರೆ. "ಹಂಗೆ ಹಾರುವ ಸಿದ್ದಿಯ ನಾ ಒಬ್ಬನ್ನೂ ನೋಡ್ಲಿಲ್ಲ. ಎಂತಾ ಕಟ್ಟೂದ್ರಾ ನೀವು, ಒಂದ್ ಚೂರೂ ಸಮ ಇಲ್ಲ" ಎಂದು ಹುಡುಗರಿಗೆ ಬೈಯುತ್ತಿದ್ದ. ಏಕೆಂದರೆ ಅವನಿಗೆ ಒಬ್ಬ ನಿಜವಾದ ಸಿದ್ದಿಯ ಪರಿಚಯವಿತ್ತು, ಬೀರಾ ಸಿದ್ದಿಯದು.

ರಾಮನಗುಳಿಗಿಂತ ಸ್ವಲ್ಪ ಈಚೆ, ರಸ್ತೆಯ ತಿರುವಿನಲ್ಲಿ, ಗುಡ್ಡದ ಮೇಲೆ ಬೀರಾನ ಮನೆ. ಜೇನು ಕೀಳಲು ಹೋಗಿ ಮರದಿಂದ ಬಿದ್ದು ಅವನ ಎಡಗಾಲು ಗಿಡ್ಡವಾಗಿತ್ತು. ಮೀನಿನ ಹಾರ್ನು ಕೇಳಿದ ಕೂಡಲೇ ಬೀರಾ ಗುಡ್ಡ ಇಳಿಯುತ್ತಿದ್ದ, ಒಂದು ಮಗ್ಗುಲಿಗೆ ವಾಲುತ್ತ, ಒಂದು ಕೈ ಮೇಲೆತ್ತಿ, "ಬಂದೆ ಬಂದೆ, ಹೋಗ್ಬೇಡಿ ಮಂಗೇಶಣ್ಣ" ಎಂದು ಕೂಗುತ್ತ. ಬಂದು ನಿಂತವನು ಮಾತಿಗೆ ಮೊದಲು ನಗುತ್ತಿದ್ದ. ವಯಸ್ಸಿನಲ್ಲಿ ಅವನೇ ಹಿರಿಯ. ಆದರೂ ಅವನು ಮಂಗೇಶಣ್ಣ ಅನ್ನುತ್ತಿದ್ದ, ಮಂಗೇಶ ಬೀರಾ ಅನ್ನುತ್ತಿದ್ದ. ಇಬ್ಬರಿಗೂ ಅದು ವಿಚಿತ್ರ ಅನಿಸಿರಲಿಲ್ಲ.

ಸ್ನೇಹವಂತೂ ನಿಜ, ಸುಳ್ಳು ಹೇಳಬಾರದು. ಮೀನು ಕೊಂಡ ಮೇಲೂ ಇಬ್ಬರೂ ಹೊತ್ತು ಹೋಗುವವರೆಗೆ ಹರಟುತ್ತಿದ್ದರು. ಬೀರಾ ದಿನಾಲೂ ಕರೆಯುತ್ತಿದ್ದ: "ಮೇಲ್ ಬನ್ನಿ, ಒಂದ್ ಲೋಟ ಚಾ ಕುಡ್ಕಂಡ್ ಹೋಗಿ." ಮಂಗೇಶ ದಿನಾಲೂ ಬೈಕಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೂರಿ, ಅಂಗೈಯನ್ನು ಗಂಟಲಿಗೆ ಹಿಡಿದು ಹೇಳುತ್ತಿದ್ದ: "ಈಗಷ್ಟೇ ಕುಡ್ದು ಬಂದೆ ಮಾರಾಯಾ. ಇಲ್ಲೀವರಿಗೆ ಅದೆ." ಮುಂದಿನ ತಿರುವಿನ ಭಟ್ಟರ ಮನೆಯ ಜಗಲಿಯಲ್ಲಿ ಕೂತು ಅವನು ಚಾ ಕುಡಿಯುತ್ತಿದ್ದ. ಏಕೆ ಹೀಗೆ ಎಂದು ಕೇಳಿದ್ದರೆ ಅವನಿಗೇ ಹೇಳಲು ಬರುತ್ತಿರಲಿಲ್ಲ. ಅವನ ಅಪ್ಪ ಕುಡಿದಿರಲಿಲ್ಲ, ಅವನೂ ಕುಡಿಯಲಿಲ್ಲ, ಅಷ್ಟೇ.

ಬೀರಾನ ಹೆಂಡತಿ ದುರ್ಗಿ. ಅವರಿಗೆ ಎರಡು ಮಕ್ಕಳು, ದೊಡ್ಡವಳು ಚಂದನಾ. ಪಿಯುಸಿಯಲ್ಲಿ ಒಳ್ಳೆಯ ಮಾರ್ಕು ತೆಗೆಯುವ ಲಕ್ಷಣವಿತ್ತು. ಆ ಗುಡ್ಡದ ಮೇಲಿಂದ ಯಾರೂ ಡಿಗ್ರಿಯವರೆಗೆ ಹೋದದ್ದಿಲ್ಲ. ಮಗಳು ಟೀಚರಾಗಬೇಕು, ತಮ್ಮ ಮಕ್ಕಳಿಗೆ ತಮ್ಮವಳೇ ಪಾಠ ಹೇಳಬೇಕು ಎಂಬುದೊಂದೇ ಬೀರಾನ ಆಸೆ. ಆದರೆ ಅಂಕೋಲೆಗೆ ಕಳಿಸಲು ಹೆದರಿಕೆ. ಧೈರ್ಯ ತುಂಬಿದವನು ಮಂಗೇಶನೇ. "ನನ್ನ ಮಗಳು ರಕ್ಷಿತಾ ಅದೇ ಕಾಲೇಜಲ್ಲಿ ಅದೆ. ನಾ ಇದ್ದೆ. ಯಾರಾದ್ರೂ ಎಂತಾದ್ರೂ ಹೇಳಿದ್ರೆ ನನ್ನ ಕೇಳು. ಕಳ್ಸು ನೀನು" ಎಂದ. ಬೀರಾ ಆ ಮಾತನ್ನು ನಂಬಿದ.

ಆ ವರ್ಷದ ಹೋಳಿಗೆ ಮಂಗೇಶ ಸಿದ್ದಿ ವೇಷ ತಾನೇ ಕಟ್ಟಿದ. ಹಾರಲಿಲ್ಲ, ಕಿರುಚಲಿಲ್ಲ. ಬೀರಾನನ್ನೇ ಇಡಿಯಾಗಿ ಎತ್ತಿ ತಂದ. ಆ ವಾಲಿದ ನಡಿಗೆ, ಮೇಲೆತ್ತಿದ ಕೈ, ಮಾತಿಗೆ ಮೊದಲಿನ ನಗು, "ಬಂದೆ ಬಂದೆ, ಹೋಗ್ಬೇಡಿ." ಜನ ಬಿದ್ದು ಬಿದ್ದು ನಕ್ಕರು. ಮಂಗೇಶನಿಗೆ ಹೆಮ್ಮೆ. ಡಾಕ್ಟರಿಗೆ, ಪೊಲೀಸರಿಗೆ ಸಿಕ್ಕ ಮರ್ಯಾದೆಯನ್ನೇ ಬೀರಾನಿಗೂ ಕೊಟ್ಟೆ ಎಂದೇ ಅವನು ತಿಳಿದ. ಕಾಯಿ ಕೊಡಲು ಬೀರಾ ಅಲ್ಲಿರಲಿಲ್ಲ ಎಂಬುದೊಂದೇ ಕೊರತೆ ಅನಿಸಿತು. ಯಾರೋ ಮೊಬೈಲಿನಲ್ಲಿ ಹಿಡಿದರು. ಯಾವುದೋ ಸಂಘದವರು ಕಾರವಾರಕ್ಕೆ ಕರೆಸಿ, ಕಡಲ ತೀರದ ವೇದಿಕೆಯ ಮೇಲೂ ಅದನ್ನೇ ಮಾಡಿಸಿ ಶಾಲು ಹೊದಿಸಿದರು. ಆ ವಿಡಿಯೋ ಅಂಕೋಲೆ, ಕಾರವಾರದ ಹುಡುಗರ ಮೊಬೈಲುಗಳಲ್ಲೆಲ್ಲ ಓಡಾಡಿತು.

ಕಾಲೇಜು ಶುರುವಾಯಿತು. ಬೀರಾ ಮಗಳನ್ನು ಹಾಸ್ಟೆಲಿಗೆ ಬಿಡಲು ಬಂದ. ಬಿಟ್ಟು ಹಿಂದೆ ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಯಲ್ಲಾಪುರದ ಬಸ್ಸು ಹೊರಟೇಬಿಟ್ಟಿತ್ತು. ಬೀರಾ ಕೈ ಮೇಲೆತ್ತಿ, ವಾಲುತ್ತ, "ಬಂದೆ ಬಂದೆ, ಹೋಗ್ಬೇಡಿ" ಎಂದು ಓಡಿದ. ಕಟ್ಟೆಯ ಮೇಲೆ ಕೂತ ಕಾಲೇಜು ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಡಿಯೋದ ಸಿದ್ದಿ ಇಂವನೇ ಅಲಾ. ಕಳಿಸಲು ಬಂದ ಮಗಳು ಅಲ್ಲೇ ನಿಂತು ಕೈ ಬೀಸುತ್ತಿದ್ದಳು.

ಮರುದಿನದಿಂದ ಚಂದನಾ ನಡೆದಲ್ಲೆಲ್ಲ ಹಿಂದಿನಿಂದ ಆ ಮಾತು ಬರತೊಡಗಿತು. ಲೈಬ್ರರಿಗೆ ಹೋದರೆ "ಬಂದೆ ಬಂದೆ." ಬಸ್ಸಿಗೆ ನಿಂತರೆ "ಹೋಗ್ಬೇಡಿ." ಒಬ್ಬನಲ್ಲ ಒಬ್ಬ ಅವಳ ಹಿಂದೆ ವಾಲುತ್ತ ನಾಲ್ಕು ಹೆಜ್ಜೆ ಹಾಕುತ್ತಿದ್ದ. ಅವಳು ತಿರುಗಿ ನೋಡುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಮನೆಗೆ ಹೋದಾಗ ಅಪ್ಪನಿಗೆ ಒಂದಕ್ಷರ ಹೇಳಲಿಲ್ಲ. ಹೇಗೆ ಹೇಳುತ್ತಾಳೆ, ನಿನ್ನ ನಡಿಗೆ ನೋಡಿ ನನ್ನನ್ನು ನಗುತ್ತಾರೆ ಎಂದು?

ಮಂಗೇಶನಿಗೆ ಹೇಳಿದವಳು ರಕ್ಷಿತಾ. ಸಿಟ್ಟಿನಲ್ಲಿ ತಟ್ಟೆ ದೂಡಿ ಹೇಳಿದಳು: "ಚಂದನಾ ಕಾಲೇಜ್ ಬಿಡ್ತದೆ ಅಪ್ಪಾ. ಇವತ್ತಲ್ಲಾ ನಾಳೆ ಬಿಡ್ತದೆ. ಆ ಹುಡುಗ್ರಿಗೆ ಅದ್ನ ಯಾರ್ ಕಲ್ಸಿದ್ದು? ನೀನೇಯಾ."

ಮಂಗೇಶ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. "ನಾ ಬೀರಾನ ಹೀಯಾಳ್ಸುಕೆ ಮಾಡಿದ್ದಲ್ಲ" ಎಂದ.

"ಅದು ಅವ್ರಿಗೆ ಹೆಂಗ್ ಗೊತ್ತಾತದೆ?" ಎಂದಳು ರಕ್ಷಿತಾ.

ಕಾಲೇಜಿನಲ್ಲಿ ಗುರುಪ್ರಸಾದ ಎಂಬ ಕನ್ನಡದ ಲೆಕ್ಚರರಿದ್ದರು. ಹಣಕೋಣದವರು, ದಿನಾ ಬಸ್ಸಿನಲ್ಲಿ ಬಂದು ಹೋಗುವವರು, ಹುಡುಗರ ಮೇಲೆ ನಿಜವಾದ ಕಾಳಜಿ ಇದ್ದವರು. ವಿಷಯ ಕಿವಿಗೆ ಬಿದ್ದು ಅವರು ಕ್ಲಾಸಿನಲ್ಲಿ ಒಂದು ಆಟ ಆಡಿಸಿದರು. ಒಬ್ಬೊಬ್ಬರಿಗೂ ಒಂದು ಚೀಟಿ. ಚೀಟಿಯಲ್ಲಿ ಯಾರಿದ್ದಾರೋ ಆ ಪೀರಿಯಡ್ಡು ಮುಗಿಯುವವರೆಗೆ ನೀವು ಅವರೇ. ಸಂಕೇತ ಎಂಬ ಹುಡುಗನಿಗೆ ಸಿದ್ದಿಯ ಚೀಟಿ ಬಂತು. ಉಳಿದವರು ಅವನನ್ನು ದೂರ ಕೂರಿಸಿದರು, ಕರೆದ ಹಾಗೆ ಮಾಡಿ ನಕ್ಕರು. ಕೊನೆಗೆ ಸಂಕೇತ ಎದ್ದು ಬಂದು ಚೀಟಿಯನ್ನು ಮೇಜಿನ ಮೇಲಿಟ್ಟ. "ಇನ್ನು ಯಾರಿಗೂ ಹೀಗೆ ಮಾಡೂದಿಲ್ಲ ಸರ್" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನಲ್ಲಿ ಚಂದನಾ ಬ್ಯಾಂಕ್ ಮ್ಯಾನೇಜರ್ ಎಂಬ ಚೀಟಿ ಹಿಡಿದು ಕೂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಅದೇ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಮತ್ತೆ "ಬಂದೆ ಬಂದೆ" ಶುರುವಾಯಿತು. ಸಂಕೇತ ಶುರು ಮಾಡಲಿಲ್ಲ, ಪಾಪ. ಆದರೆ ನಕ್ಕ. ಇದನ್ನು ರಕ್ಷಿತಾ ಮನೆಯಲ್ಲಿ ಹೇಳಿ, "ಆಟದಾಗೆ ಎಲ್ಲಾರೂ ಒಳ್ಳೇವ್ರೇಯಾ ಅಪ್ಪಾ" ಎಂದಳು. ಆ ಮಾತು ಮಂಗೇಶನ ತಲೆಗೆ ಹೋಗಲಿಲ್ಲ. ಅವನು ಆಗಲೇ ಬೇರೆ ಏನನ್ನೋ ಯೋಚಿಸುತ್ತಿದ್ದ.

ಅವನ ಯೋಚನೆ ಇಷ್ಟು: ಹೋದ ಸಲ ತಾನು ಬೀರಾನ ನಡಿಗೆ ತೋರಿಸಿದೆ, ಬೀರಾನ ಹೊಟ್ಟೆಯೊಳಗಿನದು ತೋರಿಸಲಿಲ್ಲ. ತಾಂಡೇಲನ ವೇಷದಲ್ಲಿ ಕೇರಿಯನ್ನೇ ಅಳಿಸಿದವನಿಗೆ ಇದೇನು ಮಹಾ. ಈ ಸಲದ ವೇಷದಲ್ಲಿ ಬೀರಾ ಮಗಳನ್ನು ಕಾಲೇಜಿಗೆ ಬಿಡಲು ಬರುತ್ತಾನೆ. ಹುಡುಗರು ನಗುತ್ತಾರೆ. ಅಪ್ಪನಿಗೆ ಗೊತ್ತಾಗುತ್ತದೆ. ಅವನು ತಿರುಗಿ ಒಂದು ಮಾತು ಕೇಳುತ್ತಾನೆ. ಅಲ್ಲಿಗೆ ನೋಡಿದವರ ಎದೆ ಒಡೆಯಬೇಕು. ವಿಡಿಯೋ ಹರಿದಾಡಲಿ, ಆ ಹುಡುಗರೂ ನೋಡಲಿ, ಚಂದನಾ ಕಾಲೇಜಿನಲ್ಲಿ ಉಳಿಯಲಿ. ಗುರುಪ್ರಸಾದರಿಗೆ ಹೇಳಿದಾಗ ಅವರ ಮುಖ ಅರಳಿತು. "ಮಾಡಿ ಮಂಗೇಶ. ನನ್ನ ಪಾಠದಿಂದ ಆಗದ್ದು ನಿಮ್ಮ ವೇಷದಿಂದ ಆದೀತು" ಎಂದರು.

"ಚಂದನಾನ ಒಂದ್ ಮಾತ್ ಕೇಳ್ದ್ಯಾ?" ಎಂದಳು ರಕ್ಷಿತಾ.

"ಕೇಳೂದೆಂತ. ಅದ್ರ ಸಲುವಾಗೇ ಮಾಡೂದು. ನೋಡ್ಲಿ" ಎಂದ ಮಂಗೇಶ.

ಗಂಗೂ ಮೀನು ಹೆಚ್ಚುತ್ತಿದ್ದವಳು ತಲೆ ಎತ್ತದೆ, "ಮಸಿ ಬಳ್ಕಂಡು ಹೋದ್ರೆ ಅಳೂರು ಯಾರು? ನಿಮ್ಗೆ ಮಳ್ಳ್" ಎಂದಳು. ಗಂಡ ಅದನ್ನೂ ಕೇಳಿಸಿಕೊಳ್ಳಲಿಲ್ಲ. ಕೆಲವರು ಒಳ್ಳೆಯ ಕೆಲಸಕ್ಕೆ ಹೊರಟರೆ ಕಿವಿಯನ್ನು ಮನೆಯಲ್ಲೇ ಇಟ್ಟು ಹೋಗುತ್ತಾರೆ.

ಬೀರಾನನ್ನು ಅವನೇ ಕರೆದ. ತಿರುವಿನಲ್ಲಿ ಬೈಕು ನಿಲ್ಲಿಸಿ, "ಈ ಸಲ ನೀ ಬರ್ಲೇಬೇಕು ಬೀರಾ. ನಿನ್ನ ವೇಷ ಕಟ್ತೆ" ಎಂದ. ಬೀರಾ ನಕ್ಕ. "ನನ್ನ ವೇಷ ಕಟ್ಟುಕೆ ನಂದೆಂತ ಅದೆ ಮಂಗೇಶಣ್ಣ" ಎಂದ. ಅವನಿಗೆ ಹಿಂದಿನ ಹೋಳಿಯ ಸಂಗತಿ ಗೊತ್ತಿರಲಿಲ್ಲ, ವಿಡಿಯೋ ನೋಡುವ ಮೊಬೈಲು ಅವನ ಹತ್ತಿರ ಇರಲಿಲ್ಲ. ಆದರೆ ಯಾರೋ ತನ್ನನ್ನು ಊರ ಮುಂದೆ ಕರೆಯುತ್ತಿದ್ದಾರೆ ಎಂಬ ಖುಷಿ ಅವನ ಮುಖದಲ್ಲಿ ಕಾಣಿಸಿತು.

ಹಗರಣದ ಮಧ್ಯಾಹ್ನ ಬೀರಾ ಬಿಳಿ ಅಂಗಿ ಹಾಕಿಕೊಂಡು ಬಂದ. ಹಾಸ್ಟೆಲಿನಿಂದ ಮಗಳನ್ನೂ ಕರೆದುಕೊಂಡು ಬಂದ. ಚಂದನಾ ಬೇಡ ಅಂದಿದ್ದಳಂತೆ. ಅಪ್ಪ, "ಮಂಗೇಶಣ್ಣ ಕರ್ದದ್ದು ಮಗಾ, ಹೋಗ್ದಿದ್ರೆ ಚಂದ ಅಲ್ಲ" ಅಂದಿದ್ದ. ಇಬ್ಬರೂ ಜನರ ಹಿಂದೆ, ಒಂದು ತೆಂಗಿನ ಮರದ ಬುಡದಲ್ಲಿ ನಿಂತರು.

ಮಂಗೇಶ ಮಸಿ ಬಳಿದುಕೊಂಡು ಹೊರಗೆ ಬಂದದ್ದೇ ತಡ, ಜನ ನಗಲು ಶುರು ಮಾಡಿದರು. ಅವನು ಇನ್ನೂ ಏನೂ ಮಾಡಿರಲಿಲ್ಲ. ಮುಖದ ಬಣ್ಣ ನೋಡಿಯೇ ನಕ್ಕರು. ಹೋದ ವರ್ಷದ ನೆನಪಿಗೆ ಮುಂಗಡವಾಗಿ ನಕ್ಕರು. ಇರಲಿ, ಆಮೇಲೆ ನಿಲ್ಲುತ್ತದೆ ಎಂದುಕೊಂಡ. ಕೈಯಲ್ಲಿ ಮಗಳ ಬ್ಯಾಗು ಹಿಡಿದು, ವಾಲುತ್ತ, ಇಲ್ಲದ ಕಾಲೇಜು ಗೇಟಿನ ಮುಂದೆ ನಿಂತ. ಇಲ್ಲದ ಮಗಳ ತಲೆ ಸವರಿದ. ನಕ್ಕರು. ತಿರುಗಿ, ಹಿಂದೆ ನಕ್ಕವರನ್ನು ನೋಡಿ, ತನಗೆ ಏಕೆಂದು ಗೊತ್ತಿಲ್ಲದವನ ಹಾಗೆ ತಾನೂ ಸ್ವಲ್ಪ ನಕ್ಕ, ಬೀರಾ ನಗುವ ಹಾಗೆಯೇ. ಆಮೇಲೆ ಆ ನಗು ಮುಖದಿಂದ ಇಳಿಯುವುದನ್ನು ತೋರಿಸಿದ. ಅದರ ಸಲುವಾಗಿ ಎಷ್ಟೋ ದಿನ ಕನ್ನಡಿಯ ಮುಂದೆ ನಿಂತಿದ್ದ. "ಎಂತಕೆ ನಗಾಡ್ತ್ರಿ? ನಾ ಎಂತಾ ಮಾಡ್ದೆ?" ಎಂದು ಕೇಳಿದ. ಕೇಳುವಾಗ ಅವನಿಗೆ ನಿಜವಾಗಿ ಅಳು ಬಂತು. ಕಣ್ಣೀರು ಮಸಿಯ ಮೇಲೆ ಎರಡು ಗೆರೆ ಎಳೆದು ಇಳಿಯಿತು.

ಆ ಗೆರೆ ನೋಡಿ ಜನ ಹೊಟ್ಟೆ ಹಿಡಿದುಕೊಂಡರು. "ಅಯ್ಯಯ್ಯೋ, ಬಣ್ಣ ಹೋತೇ ಅದೆ ನೋಡ್ರಾ" ಎಂದು ಯಾರೋ ಕೂಗಿದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಗುರುಪ್ರಸಾದರು ಒಬ್ಬರೇ ನಗದೆ ನಿಂತಿದ್ದರು, ಅವರಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಮಂಗೇಶ ಮತ್ತೊಮ್ಮೆ ಕೇಳಿದ, ದನಿ ಎತ್ತಿ ಕೇಳಿದ. ಅವನು ಎಷ್ಟು ಚೆನ್ನಾಗಿ ಅತ್ತನೋ ಅಷ್ಟು ಚೆನ್ನಾಗಿ ನಕ್ಕರು. ತಾಂಡೇಲನ ವೇಷಕ್ಕೆ ಅತ್ತವರೂ ಇವರೇ. ತಾಂಡೇಲ ಅವರವನು. ಇದು ಮಂಗೇಶನಿಗೆ ಹೊಳೆದದ್ದು ಆ ನಡುರಸ್ತೆಯಲ್ಲಿ, ಮುಖಕ್ಕೆ ಮಸಿ ಬಳಿದುಕೊಂಡ ಮೇಲೆ.

ಅಷ್ಟರಲ್ಲಿ ಯಾರದೋ ಕಣ್ಣು ಮರದ ಬುಡಕ್ಕೆ ಹೋಯಿತು. "ಅಸಲಿ ಇಲ್ಲೇ ಅದ್ಯಲಾ" ಎಂದರು. ಕೈಗಳು ಬೀರಾನನ್ನು ಹಿಡಿದು ನಡುವೆ ತಂದವು. ಕೆಟ್ಟ ಮನಸ್ಸಿನಿಂದ ಅಲ್ಲ. ಹಬ್ಬದ ಹುರುಪು, ಹೆಗಲ ಮೇಲೆ ಕೈ, ಬೆನ್ನಿಗೆ ಪ್ರೀತಿಯ ಏಟು. "ಇಬ್ರೂ ಒಟ್ಟಿಗೆ ನಡೀರಿ ನೋಡುವಾ" ಎಂದರು. ಗುಮಟೆ ಮತ್ತೆ ಶುರುವಾಯಿತು. ಬೀರಾ ಮಂಗೇಶನ ಮುಖ ನೋಡಿದ. ಮಸಿಯನ್ನು ನೋಡಿದ, ನಾರಿನ ಕೂದಲನ್ನು ನೋಡಿದ. ಆಮೇಲೆ ಯಾವಾಗಿನ ಹಾಗೆ ನಕ್ಕ. ನಕ್ಕು ನಡೆದ. ಪಕ್ಕದಲ್ಲಿ ಮಂಗೇಶ ನೆಟ್ಟಗೆ ನಡೆಯಲು ನೋಡಿದ, ಆದರೆ ಕಾಲು ಅಭ್ಯಾಸದಂತೆ ವಾಲಿತು.

ಕೇರಿಯ ಹಿರಿಯರೊಬ್ಬರು ದೇವರ ಮುಂದಿನ ರಾಶಿಯಿಂದ ಒಂದು ತೆಂಗಿನಕಾಯಿ ತಂದು ಬೀರಾನ ಕೈಗಿಟ್ಟರು. "ಇದೆಂತಕೆ?" ಎಂದ ಬೀರಾ.

"ಯಾರ ವೇಷ ಕಟ್ಟಿದ್ರೋ ಅವ್ರು ಕೊಡ್ಬೇಕು. ಸಿಟ್ಟಾಗುಕೆ ಇಲ್ಲ. ನಮ್ಮಲ್ಲಿ ಪದ್ಧತಿ" ಎಂದರು ಹಿರಿಯರು.

ಬೀರಾ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ಚೊಲೋ ಮಾಡ್ದ್ರಿ ಮಂಗೇಶಣ್ಣ" ಎಂದ. ನಗು ಇನ್ನೂ ಮುಖದ ಮೇಲಿತ್ತು, ಕಣ್ಣು ಮಾತ್ರ ಜನರ ಹಿಂದೆ ಮಗಳನ್ನು ಹುಡುಕುತ್ತಿತ್ತು. ಮರದ ಬುಡದಲ್ಲಿ ಚಂದನಾ ಇರಲಿಲ್ಲ.

ಮಾರನೇ ವಾರ ರಕ್ಷಿತಾ ಬಂದು ಸುದ್ದಿ ಹೇಳಿದಳು. ಹಾಸ್ಟೆಲಿನಲ್ಲಿ ಚಂದನಾಳ ಮಂಚ ಖಾಲಿಯಾಗಿದೆ. ಪೆಟ್ಟಿಗೆ ಇಲ್ಲ, ಚಾಪೆ ಇಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ಹೇಳಿ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು, ಅಪ್ಪನಿಗೆ ಬೈಯಲೂ ಇಲ್ಲ.

ಮಂಗೇಶ ಬೀರಾ ಕೊಟ್ಟ ಕಾಯಿಯನ್ನು ಕ್ರೇಟಿನ ಪಕ್ಕದ ಚೀಲದಲ್ಲಿ ಹಾಕಿಕೊಂಡು ಹೊರಟ. ಅದನ್ನು ತಿರುಗಿ ಕೊಡಬೇಕು, ತಪ್ಪಾಯಿತು ಅನ್ನಬೇಕು, ಚಂದನಾಳನ್ನು ಪರೀಕ್ಷೆಗಾದರೂ ಕರೆತರಬೇಕು ಎಂಬುದು ಮನಸ್ಸಿನಲ್ಲಿತ್ತು. ತಿರುವಿನಲ್ಲಿ ಹಾರ್ನು ಹೊಡೆದ. ಯಾರೂ ಇಳಿದು ಬರಲಿಲ್ಲ. ಮತ್ತೆ ಹೊಡೆದ. ಕೊನೆಗೆ ಬೈಕಿನಿಂದ ಇಳಿದು, ಚೀಲ ಹಿಡಿದು, ಇಷ್ಟು ವರ್ಷದಲ್ಲಿ ಮೊದಲ ಸಲ ಆ ಗುಡ್ಡ ಹತ್ತಿದ. ಹತ್ತುವಾಗ ಏದುಸಿರು ಬಂತು. ಗಿಡ್ಡ ಕಾಲಿನವನು ಇದನ್ನು ದಿನಾ ಇಳಿದು ಹತ್ತುತ್ತಿದ್ದನಲ್ಲ ಎಂದು ಆಗ ಅನಿಸಿತು.

ಬೀರಾ ಜಗಲಿಯ ಮೇಲೆ ಬುಟ್ಟಿ ಹೆಣೆಯುತ್ತಿದ್ದ. ಎದ್ದು ನಿಂತು ಚಾಪೆ ಹಾಸಿದ. "ಕೂತ್ಕಳಿ" ಎಂದ. ಮಂಗೇಶ ಕೂತ. ತಪ್ಪಾಯಿತು ಅನ್ನಲು ಬಂದವನು ಬೇರೆಯೇ ಮಾತು ತೆಗೆದ.

"ಚಂದನಾನ ಕಳ್ಸು ಬೀರಾ. ನಾ ಪ್ರಿನ್ಸಿಪಾಲರ ಹತ್ರ ಹೋತೆ. ಆ ಹುಡುಗ್ರ ಮನೆಮನೆಗೆ ಹೋತೆ. ಇನ್ನ್ ಮೇಲೆ ನಾ ವೇಷ ಮುಟ್ಟೂದಿಲ್ಲ."

"ನೀವು ಒಳ್ಳೇದಕ್ಕೇ ಮಾಡ್ದ್ರಿ, ನಂಗೆ ಗೊತ್ತದೆ" ಎಂದ ಬೀರಾ. "ಆದ್ರೆ ಹುಡ್ಗಿ ಹೋಗೂದಿಲ್ಲ ಹೇಳ್ತದೆ. ನಾ ಒತ್ತಾಯ ಮಾಡೂದಿಲ್ಲ. ಹೋಳಿ ಮುಗ್ಸಿ ಬಂದ ಮೇಲೇ ನಂಗೆ ಎಲ್ಲಾ ಹೇಳಿದ್ದು. ಇಡೀ ವರ್ಷ ತಾನೊಂದೇಯಾ ಹೊತ್ಕಂಡಿತ್ತು."

ಮಂಗೇಶ ತಲೆ ಎತ್ತಿದ. ಬಾಗಿಲಲ್ಲಿ ಚಂದನಾ ನಿಂತದ್ದು ಕಂಡಿತು. "ತಂಗೀ, ಒಂದ್ ಲೋಟ ನೀರ್ ಕೊಡು" ಎಂದ. ಆ ಮನೆಯಲ್ಲಿ ಅವನು ಮೊದಲ ಸಲ ಕೇಳಿದ್ದು. ಅದು ಸಣ್ಣ ಸಂಗತಿಯಲ್ಲ ಎಂದು ಅವನಿಗೆ ಕೇಳುವಾಗಲೇ ಅನಿಸಿತ್ತು, ಅವಳೂ ಅದನ್ನು ಗಮನಿಸಲಿ ಎಂಬ ಆಸೆಯೂ ಒಳಗೆ ಇತ್ತು.

ಚಂದನಾ ನೀರು ತರಲಿಲ್ಲ. ಹೊಸ್ತಿಲು ದಾಟಿ ಹೊರಗೆ ಬಂದಳು. ಬೈಕಿನ ಮೇಲೆ ಕೂತವರ ಹಾಗೆ ಒಂದು ಕಾಲು ಮಡಿಸಿ, ಒಂದು ಕಾಲು ನೆಲಕ್ಕೂರಿ ನಿಂತಳು. ಕಣ್ಣು ಎದುರಿನವರನ್ನು ಬಿಟ್ಟು ರಸ್ತೆಯ ಕಡೆ ಹೋಯಿತು. ಅಂಗೈ ಗಂಟಲಿಗೆ ಬಂತು. ಬಾಯಿಯ ಒಂದು ಮೂಲೆಯಲ್ಲಿ ಮಾತ್ರ ನಗು. "ಈಗಷ್ಟೇ ಕುಡ್ದು ಬಂದೆ ಮಾರಾಯಾ. ಇಲ್ಲೀವರಿಗೆ ಅದೆ."

ಮಂಗೇಶನದೇ ದನಿ. ಮಂಗೇಶನದೇ ಅವಸರ. ಒಳಗಿನಿಂದ ಸಣ್ಣ ಮಗು ಖಿಲ್ಲೆಂದು ನಕ್ಕಿತು, ಇದು ತನಗೆ ಗೊತ್ತಿರುವ ಆಟ ಎಂಬಂತೆ. ಅಷ್ಟು ಚೆನ್ನಾಗಿ ಬರಬೇಕಾದರೆ ಅದನ್ನು ಒಂದು ದಿನ ಕಟ್ಟಿದ್ದಲ್ಲ, ಆ ಮನೆಯಲ್ಲಿ ವರ್ಷಗಳಿಂದ ಕಟ್ಟುತ್ತ ಬಂದದ್ದು. ತಾನು ಇವರನ್ನು ನೋಡುತ್ತಿದ್ದೇನೆ ಎಂದು ಮಂಗೇಶ ತಿಳಿದಿದ್ದ. ಅಷ್ಟೂ ದಿನ ಇವರೂ ಅವನನ್ನು ನೋಡಿದ್ದರು, ಎಲ್ಲ ತಿಳಿದಿದ್ದರು, ತಿಳಿದೂ ದಿನಾ ಚಾ ಕುಡಿಯಲು ಕರೆದಿದ್ದರು. ನಾಚಿಕೆಯಿಂದ ಅವನ ಕಿವಿ ಸುಟ್ಟಿತು. ಇಷ್ಟು ಸರಿಯಾದ ವೇಷ ಅವನು ಜನ್ಮದಲ್ಲಿ ಕಟ್ಟಿರಲಿಲ್ಲ.

"ಏ ಮಗಾ, ಸುಮ್ನಿರು" ಎಂದ ಬೀರಾ. ದುರ್ಗಿ ಲೋಟದಲ್ಲಿ ನೀರು ತಂದಿಟ್ಟಳು. ಮಂಗೇಶ ಪೂರ್ತಿ ಕುಡಿದ. ಯಾರೂ ಅದನ್ನು ನೋಡುತ್ತಿರಲಿಲ್ಲ.

ಅವನು ಚೀಲದಿಂದ ಕಾಯಿ ತೆಗೆದು ಚಂದನಾಳ ಮುಂದೆ ಹಿಡಿದ. "ನನ್ನ ವೇಷ ಕಟ್ದ್ಯಲಾ. ತಕಾ. ನಂಗೆ ಸಿಟ್ಟಿಲ್ಲ."

"ನಮ್ಮಲ್ಲಿ ಆ ಪದ್ಧತಿ ಇಲ್ಲ ಮಾವಾ" ಎಂದಳು ಚಂದನಾ. ದನಿಯಲ್ಲಿ ಸಿಟ್ಟು ಇರಲಿಲ್ಲ, ಬೇರೆ ಏನೂ ಇರಲಿಲ್ಲ. ಒಳಗೆ ಹೋದಳು.

ಅವಳು ಪರೀಕ್ಷೆಗೆ ಬರಲಿಲ್ಲ. ಈಗ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ, ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಾಳೆ. ಮಂಗೇಶ ವೇಷ ಬಿಟ್ಟಿದ್ದಾನೆ. ಬಿಟ್ಟು ಏನು ಬಂತು? ಕೇರಿಯ ಬೇರೆ ಹುಡುಗರು ವಿಡಿಯೋ ನೋಡಿ ಕಲಿತು ಅದನ್ನೇ ಕಟ್ಟುತ್ತಾರೆ. ರಾಮನಗುಳಿಯ ದಾರಿಯನ್ನು ಅವನು ಬಿಟ್ಟಿಲ್ಲ. ಆ ತಿರುವಿನಲ್ಲಿ ದಿನಾ ನಿಂತು ಹಾರ್ನು ಹೊಡೆಯುತ್ತಾನೆ. ಬೀರಾ ಈಗಲೂ ಬರುತ್ತಾನೆ, ಮೀನು ಬೇಕಲ್ಲ. ಆದರೆ ಕೈ ಎತ್ತುವುದಿಲ್ಲ, ಕೂಗುವುದಿಲ್ಲ. ವಾಲದ ಹಾಗೆ ಒಂದೊಂದೇ ಹೆಜ್ಜೆ ನೋಡಿ ಇಟ್ಟು, ಬಾಯಿ ಮುಚ್ಚಿಕೊಂಡು ಇಳಿಯುತ್ತಾನೆ. ಅವನ ಆ ಮಾತು ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿದೆ, ಯಾರ ಬಾಯಲ್ಲಿ ಬೇಕಾದರೂ ಇದೆ, ಅವನ ಬಾಯಲ್ಲಿ ಇಲ್ಲ. ಇಳಿದು ಬರಲು ತುಂಬ ಹೊತ್ತು ಹಿಡಿಯುತ್ತದೆ. ಮಂಗೇಶ ಬೈಕಿನಿಂದ ಇಳಿದು ನಿಂತು ಕಾಯುತ್ತಾನೆ.